ಚೈಕೋವ್ಸ್ಕಿಯ ಆರನೇ ಸಿಂಫನಿ: ಬೇರೆ ಬೇರೆ ರೆಕಾರ್ಡಿಂಗ್‌ಗಳನ್ನು ನಾನು ಕೇಳಿದ ರೀತಿ

ರಷ್ಯಾದ ಸಂಗೀತ ರಚನಕಾರ ಚೈಕೋವ್ಸ್ಕಿ ಅವರ ಆರನೇ ಸಿಂಫನಿಯ (ಆರ್ಕೆಸ್ಟ್ರಾಕ್ಕಾಗಿ ಬರೆದ, ನಾಲ್ಕು ಭಾಗಗಳ ದೊಡ್ಡ ಕೃತಿ) ಕೊನೆಯ ಭಾಗ ಶುರುವಾಗುವಾಗ ನಿಧಾನಕ್ಕೆ ಕೆಳಗಿಳಿಯುವ ಒಂದು ಟ್ಯೂನ್ ಕೇಳಿಸುತ್ತದೆ. ಆ ಟ್ಯೂನನ್ನು ಇಡೀ ಆರ್ಕೆಸ್ಟ್ರಾದಲ್ಲಿ ಯಾರೂ ನುಡಿಸುತ್ತಿರುವುದಿಲ್ಲ! ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸ್ವರಗಳನ್ನೂ ಸಾಲುಸಾಲಾಗಿ ಬರೆದ ಪುಸ್ತಕ, ತೆಗೆದು ನೋಡಿ. ಆರ್ಕೆಸ್ಟ್ರಾದಲ್ಲಿ ವಯಲಿನ್‌ನವರದು ಎರಡು ಗುಂಪು. ಮೊದಲ ವಯಲಿನ್ ಗುಂಪಿನ ಸಾಲಿನಲ್ಲಿ ಇರುವುದು ಮೇಲೆ ಕೆಳಗೆ ಜಿಗಿಯುವ, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಾಣುವ ಸ್ವರಗಳು. ಎರಡನೇ ಗುಂಪಿನ ಸಾಲಿನಲ್ಲೂ ಅಷ್ಟೇ. ಟ್ಯೂನಿನ ಒಂದು ಸ್ವರ ಇವರ ಪಾಲಿಗೆ, ಮುಂದಿನ ಸ್ವರ ಅವರ ಪಾಲಿಗೆ, ಅದರ ಮುಂದಿನದು ಮತ್ತೆ ಇವರಿಗೆ. ಎರಡೂ ಸೇರಿದಾಗಲೇ ನಮ್ಮ ಕಿವಿಯಲ್ಲಿ ಅದು ಟ್ಯೂನ್ ಆಗುವುದು.

ಇದು ಗೊತ್ತಾದ ಮೇಲೆ ನಾನು ರೆಕಾರ್ಡಿಂಗ್ ಕೇಳುವ ಕ್ರಮವೇ ಬದಲಾಯಿತು. ಯಾವುದು "ಅತ್ಯುತ್ತಮ" ಅಂತ ಹುಡುಕುವುದನ್ನು ಬಿಟ್ಟು, ಇದೊಂದೇ ಸಿಂಫನಿ ಹಿಡಿದುಕೊಂಡು, ಅದರ ಕೆಲವೇ ಜಾಗಗಳನ್ನು ಬೇರೆ ಬೇರೆಯವರು ಹೇಗೆ ನುಡಿಸಿದ್ದಾರೆ ಅಂತ ಕೇಳುತ್ತಾ ಹೋದೆ. ಪಾಶ್ಚಾತ್ಯ ಸಂಗೀತ ಈಗಷ್ಟೇ ಕೇಳಲು ಶುರು ಮಾಡಿರುವ ಗೆಳೆಯರು "ಎಲ್ಲಿಂದ ಶುರು ಮಾಡೋದು?" ಅಂತ ಕೇಳುತ್ತಿರುತ್ತಾರೆ. ಅವರಿಗೂ ನಾನು ಹೇಳುವುದು ಇದನ್ನೇ.

ಸಿಂಫನಿಯ ಬಗ್ಗೆ ಎರಡು ಮಾತು. 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇದರ ಮೊದಲ ಪ್ರದರ್ಶನ ಆಯಿತು. ಚೈಕೋವ್ಸ್ಕಿ ಅವರೇ ಕಂಡಕ್ಟರ್ ಆಗಿ, ಅಂದರೆ ಆರ್ಕೆಸ್ಟ್ರಾದ ಮುಂದೆ ನಿಂತು, ನಡೆಸಿದ್ದು. ಆಮೇಲೆ ಒಂಬತ್ತು ದಿನಕ್ಕೆ ಅವರು ತೀರಿಕೊಂಡರು. ಈ ಸಾವಿನ ಕಥೆ ಸಿಂಫನಿಗೆ ಎಷ್ಟು ಅಂಟಿಕೊಂಡಿದೆ ಅಂದರೆ, ಕೇಳುವವರೂ ನುಡಿಸುವವರೂ ಮೊದಲ ಸ್ವರದಿಂದಲೇ ಅಳುವುದಕ್ಕೆ ತಯಾರಾಗಿರುತ್ತಾರೆ. ನನಗೆ ಅದು ಇಷ್ಟವಿಲ್ಲ. ಒಳಗೆ ಎಷ್ಟೊಂದು ಲೆಕ್ಕಾಚಾರದ ಕೆಲಸ ಇದೆ, ಅದನ್ನು ಕೇಳಿಸಿಕೊಂಡರೆ ದುಃಖ ತಾನಾಗಿಯೇ ಬರುತ್ತದೆ.

ಈಗ ವಯಲಿನ್ ವಿಷಯಕ್ಕೆ ಬರೋಣ. ಚೈಕೋವ್ಸ್ಕಿ ಕಾಲದಲ್ಲಿ ಸಾಮಾನ್ಯವಾಗಿ ಮೊದಲ ವಯಲಿನ್‌ನವರು ವೇದಿಕೆಯ ಎಡಕ್ಕೆ, ಎರಡನೇ ವಯಲಿನ್‌ನವರು ಬಲಕ್ಕೆ, ಎದುರುಬದುರು ಕೂರುತ್ತಿದ್ದರು. ಇಪ್ಪತ್ತನೇ ಶತಮಾನದಲ್ಲಿ ಫಿಲಡೆಲ್ಫಿಯಾದ ಸ್ಟೊಕೊವ್ಸ್ಕಿಯಂಥ ಕಂಡಕ್ಟರ್‌ಗಳು ವಯಲಿನ್‌ಗಳನ್ನೆಲ್ಲ ಎಡಗಡೆಗೇ ಸೇರಿಸಿದರು. ಎಲ್ಲರೂ ಹತ್ತಿರ ಇದ್ದರೆ ಒಟ್ಟಿಗೆ ನುಡಿಸುವುದು ಸುಲಭ, ದನಿಯೂ ತುಂಬಿಕೊಂಡು ಬರುತ್ತದೆ. ಕ್ರಮೇಣ ಹೆಚ್ಚಿನ ಕಡೆ ಅದೇ ರೂಢಿಯಾಯಿತು. ಹಳೆಯ ಕ್ರಮವನ್ನೇ ಇಟ್ಟುಕೊಂಡವರು ಕೆಲವರು: ಕ್ಲೆಂಪರರ್, ಏಡ್ರಿಯನ್ ಬೋಲ್ಟ್, ಕುಬೆಲಿಕ್, ಕಾರ್ಲೋಸ್ ಕ್ಲೈಬರ್, ಲೆನಿನ್‌ಗ್ರಾಡ್‌ನ ಮ್ರವಿನ್ಸ್ಕಿ.

ಹಾಗಾದರೆ ಈ ಟ್ಯೂನ್ ಹಳೆಯ ಕ್ರಮದಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡಬೇಕು ಅಲ್ವಾ? ಓಡಾಡುತ್ತದೆ. ಇದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. ಮ್ರವಿನ್ಸ್ಕಿ ಲೆನಿನ್‌ಗ್ರಾಡ್ ಫಿಲ್‌ಹಾರ್ಮೋನಿಕ್ ಜೊತೆ 1960ರಲ್ಲಿ ವಿಯೆನ್ನಾದಲ್ಲಿ ಮಾಡಿದ ರೆಕಾರ್ಡಿಂಗ್ ತೆಗೆದುಕೊಳ್ಳಿ. ಡಾಯ್ಚ ಗ್ರಾಮೊಫೋನ್ ಎಂಬ ರೆಕಾರ್ಡ್ ಕಂಪನಿಯವರು ಪಶ್ಚಿಮ ಯುರೋಪಿಗೆ ಬಂದಿದ್ದ ಆ ತಂಡದಿಂದ ನಾಲ್ಕು, ಐದು, ಆರನೇ ಸಿಂಫನಿಗಳನ್ನು ಸ್ಟೀರಿಯೋದಲ್ಲಿ, ಅಂದರೆ ಎಡ ಬಲದ ದನಿ ಬೇರೆ ಬೇರೆಯಾಗಿ, ಹಿಡಿದಿಟ್ಟರು. ಇಯರ್‌ಫೋನ್ ಹಾಕಿ ಕೊನೆಯ ಭಾಗದ ಮೊದಲ ಕೆಲವು ಸೆಕೆಂಡು ಕೇಳಿ. ಆಮೇಲೆ ಎಡಗಿವಿಯದನ್ನು ತೆಗೆದು, ಬಲಗಿವಿಯಲ್ಲಿ ಮಾತ್ರ ಅದೇ ಜಾಗ ಇನ್ನೊಮ್ಮೆ ಕೇಳಿ. ಟ್ಯೂನ್ ಒಡೆದುಹೋಗಿರುತ್ತದೆ. ಎರಡನೇ ವಯಲಿನ್‌ಗಳ ಜಿಗಿಯುವ ಸಾಲೇ ಮುಂದೆ ಬಂದು, ಬೇರೆ ಯಾವುದೋ ಸಂಗೀತ ಕೇಳಿದ ಹಾಗಾಗುತ್ತದೆ. ಆಮೇಲೆ ಎಡಕ್ಕೂ ಹಾಕಿಕೊಳ್ಳಿ, ಮತ್ತೆ ಕೂಡಿಕೊಳ್ಳುತ್ತದೆ. ಮೊದಲ ಸಲ ಇದನ್ನು ಕೇಳಿದಾಗ ನನಗೆ ಮೈ ಜುಮ್ ಅಂದಿತ್ತು. ಈಗಲೂ ಯಾರಾದರೂ ಮನೆಗೆ ಬಂದರೆ ಕೇಳಿಸದೆ ಕಳಿಸುವುದಿಲ್ಲ.

ಇದೇ ಪರೀಕ್ಷೆಯನ್ನು ಕರಾಯನ್ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ 1970ರ ದಶಕದಲ್ಲಿ ಮಾಡಿದ ಯಾವುದಾದರೂ ರೆಕಾರ್ಡಿಂಗ್ ಮೇಲೆ ಮಾಡಿ. ವಯಲಿನ್‌ಗಳೆಲ್ಲ ಎಡಕ್ಕೇ ಇವೆ. ಬಲಗಿವಿಗೆ ಜಾಸ್ತಿ ಬರುವುದು ಕೆಳದನಿಯ ತಂತಿವಾದ್ಯಗಳು. ಟ್ಯೂನ್ ಎಡಗಡೆ ಇಡಿಯಾಗಿ, ನುಣ್ಣಗೆ, ಒಬ್ಬರೇ ನುಡಿಸಿದಷ್ಟು ಸಲೀಸಾಗಿ ಕೇಳುತ್ತದೆ. ತುಂಬ ಚೆಂದದ ದನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಕೋರಿನಲ್ಲಿ ಅಷ್ಟು ಕಷ್ಟಪಟ್ಟು ಎರಡು ಗುಂಪಿಗೆ ಹಂಚಿದ್ದು ಯಾಕೆ ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಮ್ರವಿನ್ಸ್ಕಿಯಲ್ಲಿ ಸಿಗುತ್ತದೆ. ಒಂದೊಂದು ಸ್ವರವೂ ಬೇರೆ ಬೇರೆ ಮೂಲೆಯಿಂದ ಬರುವುದರಿಂದ ಆ ಅಳುವಿಗೆ ಒಂದು ನಡುಕ ಬರುತ್ತದೆ.

ಈ ಕೇಳುವಿಕೆಗೆ ದುಬಾರಿ ಸಾಮಾನು ಬೇಡ. ಎರಡು ಕಿವಿಗೂ ಬೇರೆ ಬೇರೆ ದನಿ ಕೊಡುವ ಸಾಧಾರಣ ಇಯರ್‌ಫೋನ್ ಸಾಕು. ಆದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ "ಮೋನೋ ಆಡಿಯೋ" ಅಂತ ಒಂದು ಇರುತ್ತದೆ. ಅದು ಆನ್ ಆಗಿದ್ದರೆ ಎಡ ಬಲ ಎರಡೂ ಕಲಸಿಹೋಗುತ್ತವೆ, ಮೊದಲು ಅದನ್ನು ನೋಡಿಕೊಳ್ಳಿ. ಸ್ಪೀಕರ್ ಆದರೆ ಎರಡನ್ನೂ ಒಂದಷ್ಟು ದೂರ ಇಟ್ಟು ನಡುವೆ ಕೂರಬೇಕು. ಸ್ಕೋರ್ ಬೇಕಾದರೆ ಐಎಂಎಸ್‌ಎಲ್‌ಪಿ ಎಂಬ ಸ್ಕೋರ್‌ಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಹಕ್ಕುಸ್ವಾಮ್ಯ ಮುಗಿದಿರುವ ಕೃತಿ ಇದು. ಸ್ಟಾಫ್ ನೊಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಓದಲು ಬರದಿದ್ದರೂ ಪರವಾಗಿಲ್ಲ, ಸುಮ್ನೆ ಸ್ವರಗಳು ಏರುವುದು ಇಳಿಯುವುದನ್ನು ಕಣ್ಣಲ್ಲಿ ಹಿಂಬಾಲಿಸಿದರೂ ಎಷ್ಟೋ ತಿಳಿಯುತ್ತದೆ. ಆ್ಯಪ್‌ಗಳಲ್ಲಿ ಹುಡುಕುವಾಗ ಕಂಡಕ್ಟರ್, ಆರ್ಕೆಸ್ಟ್ರಾ, ಇಸವಿ ಮೂರನ್ನೂ ನೋಡಿ. ಕರಾಯನ್ ಒಬ್ಬರೇ ಈ ಸಿಂಫನಿಯನ್ನು 1939ರಿಂದ ಶುರುಮಾಡಿ ಮತ್ತೆ ಮತ್ತೆ ರೆಕಾರ್ಡ್ ಮಾಡಿದ್ದಾರೆ, ಹೆಸರಷ್ಟೇ ನೋಡಿದರೆ ಯಾವುದು ಯಾವುದೋ ಬಂದುಬಿಡುತ್ತದೆ.

ವಾಲ್ಯೂಮ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಮೊದಲ ಭಾಗದಲ್ಲಿ ಎಲ್ಲ ಇರುವುದೇ ಅದರಲ್ಲಿ. ಆ ಭಾಗದ ನಡುವೆ ಸಂಗೀತ ಸಣ್ಣಗಾಗುತ್ತಾ, ಸಣ್ಣಗಾಗುತ್ತಾ, ಕ್ಲಾರಿನೆಟ್ ಕೆಳಗಿಳಿದು, ಕಡೆಯ ನಾಲ್ಕು ಸ್ವರ ಕೆಳದನಿಯ ಊದುವಾದ್ಯವಾದ ಬಸೂನ್‌ಗೆ ಬರುತ್ತದೆ. ಅಲ್ಲಿ ಚೈಕೋವ್ಸ್ಕಿ ಬರೆದಿರುವುದು ಆರು "ಪಿ". ಒಂದು ಪಿ ಅಂದರೇ ಮೆಲ್ಲಗೆ! ಬಸೂನ್‌ನಲ್ಲಿ ಅಷ್ಟು ಕೆಳಸ್ವರವನ್ನು ಅಷ್ಟು ಮೆತ್ತಗೆ ನುಡಿಸುವುದು ಬಹಳ ಕಷ್ಟ, ಅದಕ್ಕೇ ಎಷ್ಟೋ ಕಂಡಕ್ಟರ್‌ಗಳು ಆ ನಾಲ್ಕು ಸ್ವರವನ್ನು ಬೇಸ್ ಕ್ಲಾರಿನೆಟ್‌ಗೆ ಕೊಟ್ಟುಬಿಡುತ್ತಾರೆ. ಕ್ಲಾರಿನೆಟ್ ದನಿಯೇ ಕರಗಿ ಮಾಯವಾದರೆ ಅದು ಬೇಸ್ ಕ್ಲಾರಿನೆಟ್. ಕೊನೆಗೆ ಸ್ವಲ್ಪ ಒರಟಾದ, ಮೂಗಿನ ದನಿ ಬಂದರೆ ಬಸೂನ್. ನನಗೆ ಬಸೂನೇ ಇಷ್ಟ. ಆ ಒರಟುತನದಲ್ಲಿ ಒಂದು ಅಪಾಯದ ಸುಳಿವಿದೆ, ಮರುಕ್ಷಣವೇ ಇಡೀ ಆರ್ಕೆಸ್ಟ್ರಾ ಎರಗಿ ಬೀಳುತ್ತದಲ್ಲ, ಅದಕ್ಕೆ.

ನಾನು ಮಾಡುವುದು ಇಷ್ಟು. ಮೊದಲು ಆ ಸಿಡಿಲಿನಂಥ ಜಾಗವನ್ನೇ ಹಾಕಿ, ಕಿವಿಗೆ ತಡೆಯುವಷ್ಟು ವಾಲ್ಯೂಮ್ ಇಡುತ್ತೇನೆ. ಆಮೇಲೆ ಮೊದಲಿನಿಂದ ಶುರುಮಾಡಿ, ಮುಗಿಯುವವರೆಗೂ ವಾಲ್ಯೂಮ್ ಮುಟ್ಟುವುದಿಲ್ಲ. ಆ್ಯಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಇದ್ದರೆ ಆಫ್ ಮಾಡಿಬಿಡುತ್ತೇನೆ, ಎರಡು ರೆಕಾರ್ಡಿಂಗ್‌ಗಳ ನಡುವಿನ ಜೋರು ಮೆಲುಪಿನ ಅಂತರವನ್ನು ಅದು ಬದಲಾಯಿಸುತ್ತದೆ. ಬೆಂಗಳೂರಿನಲ್ಲಿ ಹಗಲು ಹೊತ್ತು ಆರು ಪಿ ಕೇಳಿಸುವುದು ಆಗದ ಮಾತು. ಫ್ಯಾನ್ ಆರಿಸಿ, ಬೆಳಗಿನ ಜಾವ ಹಾಲಿನ ಗಾಡಿ ಬರುವುದಕ್ಕೂ ಮುಂಚೆ ಕೂತರೆ ಕೇಳುತ್ತದೆ.

ಎರಡನೇ ಭಾಗ ನಮ್ಮವರಿಗೆ ಸುಲಭ. ಐದು ಎಣಿಕೆಯ ನಡೆ, ಎರಡು ಮತ್ತು ಮೂರಾಗಿ ಒಡೆಯುತ್ತದೆ, ಖಂಡಚಾಪು ಗೊತ್ತಿದ್ದವರು ತೊಡೆ ಮೇಲೆ ತಟ್ಟಿಕೊಂಡೇ ಕೇಳಬಹುದು. ಮೂರನೆಯದು ಅಬ್ಬರದ ಮಾರ್ಚ್. ಸಭೆಯಲ್ಲಿ ಅದು ಮುಗಿದ ಕೂಡಲೇ ಸಿಂಫನಿಯೇ ಮುಗಿಯಿತು ಅಂತ ಜನ ಚಪ್ಪಾಳೆ ಹೊಡೆಯುವುದು ಲೋಕರೂಢಿ.

ಮತ್ತೆ ಕೊನೆಯ ಭಾಗಕ್ಕೆ. ಇಲ್ಲಿ ವೇಗದ ವ್ಯತ್ಯಾಸ ನಂಬಲಾಗದಷ್ಟಿದೆ. ಮ್ರವಿನ್ಸ್ಕಿ 1960ರಲ್ಲಿ ಇದನ್ನು ಹತ್ತು ನಿಮಿಷದೊಳಗೆ ಮುಗಿಸುತ್ತಾರೆ. ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ 1986ರಲ್ಲಿ ಸುಮಾರು ಹದಿನೇಳು ನಿಮಿಷ ತೆಗೆದುಕೊಳ್ಳುತ್ತಾರೆ. ಅದೇ ಸ್ವರಗಳು, ಅದೇ ಪುಟಗಳು! ಸ್ಕೋರಿನಲ್ಲಿ ಈ ಭಾಗದ ಶುರುವಿಗೆ ನಿಮಿಷಕ್ಕೆ 54 ಎಣಿಕೆ ಅಂತ ಇದೆ. ಫೋನಿನಲ್ಲಿ ಮೆಟ್ರೊನೋಮ್ (ಎಣಿಕೆಯನ್ನು ಟಿಕ್ ಟಿಕ್ ಅಂತ ಕೇಳಿಸುವ) ಆ್ಯಪ್ ಹಾಕಿ 54ಕ್ಕೆ ಇಟ್ಟು ಸ್ವಲ್ಪ ಹೊತ್ತು ಎಣಿಸಿ, ಅದು ಮೈಗೆ ಹತ್ತಿದ ಮೇಲೆ ಆರಿಸಿ ರೆಕಾರ್ಡಿಂಗ್ ಹಾಕಿ. ಬರ್ನ್‌ಸ್ಟೈನ್ ಅದಕ್ಕಿಂತ ಎಷ್ಟೋ ನಿಧಾನ ಅಂತ ಕೂಡಲೇ ತಿಳಿಯುತ್ತದೆ. ಇದು ತಪ್ಪು ಅಂತ ನಾನು ಹೇಳುವುದಿಲ್ಲ. ಸಾಯುವವರ ಪಕ್ಕದಲ್ಲಿ ಕೂತ ಹಾಗೆ ಅವರು ಒಂದೊಂದು ಸ್ವರವನ್ನೂ ಬಿಡಲಾರದೆ ಬಿಡುತ್ತಾರೆ, ಕೇಳುವವರಿಗೆ ಉಸಿರು ಕಟ್ಟುತ್ತದೆ. ಆದರೆ ಅಷ್ಟು ನಿಧಾನದಲ್ಲಿ ವಾಕ್ಯಗಳು ಬಿಡಿ ಪದಗಳಾಗಿಬಿಡುತ್ತವೆ. ಮ್ರವಿನ್ಸ್ಕಿಯಲ್ಲಿ ವಾಕ್ಯ ಪೂರ್ತಿ ಕೇಳುತ್ತದೆ, ಕರುಣೆಯಿಲ್ಲದೆ ಮುಂದಕ್ಕೆ ಹೋಗುತ್ತದೆ, ನನಗೆ ಹೆಚ್ಚು ನೋವು ಕೊಡುವುದು ಅದೇ.

ಮೋನೋ ರೆಕಾರ್ಡಿಂಗ್‌ಗಳನ್ನು ಹಳತು ಅಂತ ಬಿಟ್ಟುಬಿಡಬೇಡಿ. ಫುರ್ಟ್‌ವೆಂಗ್ಲರ್ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ್ದು 1938ರಲ್ಲಿ, 78 ಆರ್‌ಪಿಎಂ ಪ್ಲೇಟುಗಳ ಕಾಲ. ಒಂದು ಬದಿಗೆ ನಾಲ್ಕು ನಿಮಿಷ ಚಿಲ್ಲರೆ ಅಷ್ಟೇ ಹಿಡಿಯುತ್ತಿತ್ತು, ಹಾಗಾಗಿ ತುಂಡು ತುಂಡಾಗಿ ನಿಲ್ಲಿಸಿ ನುಡಿಸಬೇಕಿತ್ತು. ಈಗ ಜೋಡಿಸಿದ್ದನ್ನು ಕೇಳಿದರೆ ಆ ನಿಲುಗಡೆಗಳು ಗೊತ್ತೇ ಆಗುವುದಿಲ್ಲ, ಒಂದೇ ಉಸಿರಿನಲ್ಲಿ ಹೋದ ಹಾಗಿದೆ. ಎಡ ಬಲ ಅಲ್ಲಿ ಸಿಗುವುದಿಲ್ಲ, ಆದರೆ ವೇಗವನ್ನು ಹಿಗ್ಗಿಸುವುದು ಕುಗ್ಗಿಸುವುದು ಹೇಗೆ ಅಂತ ತಿಳಿಯಲು ಅದಕ್ಕಿಂತ ಬೇರೆ ಬೇಡ.

ಇನ್ನು ಕ್ಲೆಂಪರರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಜೊತೆ 1961ರಲ್ಲಿ ಮಾಡಿದ್ದು. ವಯಲಿನ್‌ಗಳು ಎದುರುಬದುರು, ಮರದ ಊದುವಾದ್ಯಗಳು ಸ್ಪಷ್ಟ, ಅಳು ಕಡಿಮೆ. ಇದನ್ನು ಕೇಳುವಾಗ ನನಗೆ ಇನ್ನೊಂದು ಸಂತೋಷವಿದೆ. 1945ರಲ್ಲಿ ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ ಈ ಆರ್ಕೆಸ್ಟ್ರಾ ಮೊದಲ ವರ್ಷಗಳಲ್ಲಿ ದುಡ್ಡಿಲ್ಲದೆ ಒದ್ದಾಡುತ್ತಿದ್ದಾಗ ಕೈಹಿಡಿದವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಅವರೇ ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳನ್ನು ಸಾವಿರಗಟ್ಟಲೆ ಕೂಡಿಹಾಕಿದ್ದರು. ಸಿಗದಿದ್ದನ್ನು ದುಡ್ಡು ಕೊಟ್ಟು ಮಾಡಿಸಿದರು. ರಷ್ಯಾದ ಸಂಗೀತ ರಚನಕಾರ ಮೆಡ್ನರ್ ತಮ್ಮ ಕೃತಿಗಳನ್ನು ತಾವೇ ಪಿಯಾನೋದಲ್ಲಿ ನುಡಿಸಿ ರೆಕಾರ್ಡ್ ಮಾಡುವ ಹಾಗಾಗಿದ್ದು ಅವರಿಂದ. 1949ರಲ್ಲಿ ಕರಾಯನ್ ಇದೇ ಫಿಲ್‌ಹಾರ್ಮೋನಿಯಾ ಜೊತೆ ರಷ್ಯಾದವರೇ ಆದ ಬಾಲಾಕಿರೆವ್ ಅವರ ಮೊದಲ ಸಿಂಫನಿ ರೆಕಾರ್ಡ್ ಮಾಡಿದ್ದೂ ಅವರ ಬೆಂಬಲದಿಂದಲೇ. ಈ ವಿಷಯ ನಮ್ಮಲ್ಲಿ ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕು.

ಕೊನೆಯ ಭಾಗದಲ್ಲೇ ಇನ್ನೊಂದು ಜಾಗ ಇದೆ, ತಪ್ಪಿಸಿಕೊಳ್ಳಬೇಡಿ. ಅರ್ಧ ದಾಟಿದ ಮೇಲೆ ಮೊದಲ ಟ್ಯೂನ್ ವಾಪಸ್ ಬರುತ್ತದೆ. ಆದರೆ ಈಗ ಚೈಕೋವ್ಸ್ಕಿ ಅದನ್ನು ಹಂಚಿಲ್ಲ, ಪೂರ್ತಿ ಮೊದಲ ವಯಲಿನ್‌ಗಳಿಗೇ ಕೊಟ್ಟಿದ್ದಾರೆ. ಎಲ್ಲ ವಯಲಿನ್ ಎಡಕ್ಕೇ ಇರುವ ರೆಕಾರ್ಡಿಂಗ್‌ನಲ್ಲಿ ಈ ಬದಲಾವಣೆ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಮ್ರವಿನ್ಸ್ಕಿ ಅಥವಾ ಕ್ಲೆಂಪರರ್ ಹಾಕಿದರೆ ಮೊದಲು ಎರಡು ಕಡೆ ಚದುರಿದ್ದ ದನಿ ಈಗ ಎಡಗಡೆ ಒಂದೇ ಸಾಲಾಗಿ ನಿಂತಿರುವುದು ಎದ್ದು ಕಾಣುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ ದೊಡ್ಡ ಜಾಗಟೆಯಂಥ ಟಾಮ್‌ಟಾಮ್ ಒಂದೇ ಒಂದು ಸಲ ಮೆತ್ತಗೆ ಬಡಿಯುತ್ತದೆ, ಹಿಂದೆಯೇ ಟ್ರಂಬೋನ್‌ಗಳು.

ಶುರು ಮಾಡುವವರು ಮೊದಲು ಮ್ರವಿನ್ಸ್ಕಿ ಪೂರ್ತಿ ಕೇಳಿ. ಬೇರೆ ದಿನ ಕರಾಯನ್, ಆಮೇಲೆ ಕ್ಲೆಂಪರರ್. ಬರ್ನ್‌ಸ್ಟೈನ್ ಕಡೆಗಿರಲಿ, ಈ ಸಂಗೀತ ಬಾಯಿಪಾಠ ಆದ ಮೇಲೆ. ಆಮೇಲೆ ಇದೇ ಕಿವಿಯಲ್ಲಿ, ಕ್ಲೈಬರ್ 1980ರಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ ಬ್ರಾಮ್ಸ್ ಅವರ ನಾಲ್ಕನೇ ಸಿಂಫನಿಯನ್ನು ಹಾಕಿ. ಅಲ್ಲೂ ವಯಲಿನ್‌ಗಳು ಎದುರುಬದುರು, ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆ ಅಂತ ನಿಮಗೇ ಕೇಳುತ್ತದೆ.