ಸುಣ್ಣಕಲ್ಲಿನ ನೆಲದಲ್ಲಿ ಹಸಿರು: ಮೊದಲು ಮಣ್ಣು, ಆಮೇಲೆ ಮರ

ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಓಡಾಡಿದವರಿಗೆ ಈ ನೆಲ ಗೊತ್ತು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎಬ್ಬಿಸಿ ಕೈಬಿಟ್ಟ ಗಣಿ, ಅಂಚಿನಲ್ಲಿ ಒಡೆದ ಚಕ್ಕೆಗಳ ರಾಶಿ, ನಡುವೆ ಅಲ್ಲಲ್ಲಿ ಬಳ್ಳಾರಿ ಜಾಲಿ. ಇಂಥ ಕಡೆ ಮಳೆಗಾಲದಲ್ಲಿ ನೆಟ್ಟ ಸಸಿಗಳು ಬೇಸಿಗೆಯ ಹೊತ್ತಿಗೆ ಒಣಗಿದರೆ ನೀರಿನ ಕೊರತೆಯನ್ನೇ ದೂರುತ್ತೇವೆ. ಆದರೆ ನೀರು ಹಾಕಿ ಸಾಕಿದ ಸಸಿಯೂ ಹಳದಿಗಟ್ಟಿ, ಗೇಣುದ್ದಕ್ಕೇ ನಿಂತುಬಿಡುವುದುಂಟು. ಅದಕ್ಕೆ ಕಾರಣ ಮಣ್ಣಿನಲ್ಲಿದೆ. ಅದನ್ನು ತಿಳಿಯದೆ ಎಷ್ಟು ಸಸಿ ನೆಟ್ಟರೂ ದುಡಿಮೆ ವ್ಯರ್ಥ.

ಸುಣ್ಣಕಲ್ಲು ಮಳೆನೀರಿಗೆ ಕರಗಿ ಹರಿದುಹೋಗುತ್ತದೆ. ಕರಗದೆ ಉಳಿಯುವ ಅಲ್ಪಸ್ವಲ್ಪ ಜೇಡಿಯೇ ಅಲ್ಲಿನ ಮಣ್ಣು. ಹಾಗಾಗಿ ಒಂದು ಅಡಿ ಮಣ್ಣು ಕೂಡಿಬರಲು ಸಾವಿರಾರು ವರ್ಷ ಬೇಕು. ಚೀನಾದ ಗುಯ್‌ಝೌ, ಗುವಾಂಗ್‌ಶಿ ಪ್ರದೇಶಗಳ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಕಾಡು ಕಡಿದ ಮೇಲೆ ಮಣ್ಣು ಕೊಚ್ಚಿಹೋಗಿ ಬರೀ ಬಂಡೆ ಉಳಿದದ್ದು ಇದೇ ಕಾರಣಕ್ಕೆ. ಉಳಿದ ಮಣ್ಣಿನಲ್ಲೂ ಪೋಷಕಾಂಶಗಳು ಬೀಗ ಹಾಕಿದ ಉಗ್ರಾಣದ ಕಾಳಿನಂತೆ, ಇದ್ದೂ ಕೈಗೆ ಸಿಗುವುದಿಲ್ಲ. ರಂಜಕವನ್ನು ಸುಣ್ಣ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ರಸಸಾರ (pH) 8ರ ಆಸುಪಾಸಿನಲ್ಲಿರುವುದರಿಂದ ಕಬ್ಬಿಣ, ಸತು, ಮ್ಯಾಂಗನೀಸ್ ನೀರಿನಲ್ಲಿ ಕರಗುವುದೇ ಕಷ್ಟ. ಇನ್ನು ಸಾರಜನಕ ಕಲ್ಲಿನಿಂದ ಬರುವಂಥದ್ದಲ್ಲ. ಅದು ಗಾಳಿಯಿಂದ, ಗಿಡದ ಮೂಲಕವೇ ಬರಬೇಕು.

ಮೊದಲ ಹೆಜ್ಜೆ: ಪರೀಕ್ಷೆ

ಜಾಗ ಯಾರದ್ದು, ಗಣಿ ಗುತ್ತಿಗೆ ಇನ್ನೂ ಊರ್ಜಿತವಿದೆಯೇ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿಕೊಂಡೇ ಕೆಲಸಕ್ಕೆ ಇಳಿಯಿರಿ. ನಂತರ ಒಂದು ಹಿಡಿ ಒಣ ಮಣ್ಣಿನ ಮೇಲೆ ಅಡುಗೆಮನೆಯ ವಿನೆಗರ್ ಹನಿಸಿ. ಬುಸುಬುಸು ನೊರೆ ಎದ್ದರೆ ಸುಣ್ಣ ಸಾಕಷ್ಟಿದೆ ಎಂದರ್ಥ. ನಾಲ್ಕೈದು ಕಡೆಯ ಮಣ್ಣನ್ನು ಬೇರೆಬೇರೆಯಾಗಿಯೇ ಪರೀಕ್ಷಿಸಿ. ಗಣಿ ತಳ, ಚಕ್ಕೆ ರಾಶಿ, ಪಕ್ಕದ ಎರೆಹೊಲ ಮೂರೂ ಒಂದೇ ಥರ ಇರುವುದಿಲ್ಲ. ರಸಸಾರ, ಸಾವಯವ ಇಂಗಾಲ, ರಂಜಕ, ಸತು, ಕಬ್ಬಿಣ ಎಷ್ಟಿವೆ ಎಂಬುದನ್ನು ಕೃಷಿ ವಿಜ್ಞಾನ ಕೇಂದ್ರದ ಮಣ್ಣು ಪರೀಕ್ಷಾಲಯದಲ್ಲಿ ತಿಳಿದುಕೊಳ್ಳಿ.

ಎರಡನೆಯದು: ಸುಣ್ಣದೊಡನೆ ಜಗಳ ಬೇಡ

ವರದಿ ಕೈಗೆ ಬಂದ ಕೂಡಲೇ ರಸಸಾರ ಇಳಿಸಬೇಕೆಂದು ಗಂಧಕ ತರುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಒಂದು ಎಕರೆಯಲ್ಲಿ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಶೇ 1ರಷ್ಟೇ ಸುಣ್ಣವಿದ್ದರೂ 9,000 ಕಿಲೋ ಆಯಿತು. ಅಷ್ಟನ್ನು ಕರಗಿಸಲು ಹತ್ತಿರಹತ್ತಿರ 2,900 ಕಿಲೋ ಗಂಧಕ ಬೇಕು. ನಮ್ಮ ಸುಣ್ಣದ ನೆಲಗಳಲ್ಲಿ ಸುಣ್ಣ ಇದರ ಎಷ್ಟೋ ಪಟ್ಟು ಇರುತ್ತದೆ, ಅಡಿಯಲ್ಲಿ ಬಂಡೆಯೇ ಸುಣ್ಣ. ಜಿಪ್ಸಂ ಕೂಡ ಇಲ್ಲಿಗೆ ಮದ್ದಲ್ಲ, ಅದು ಸೋಡಿಯಂ ಹೆಚ್ಚಿರುವ ಚೌಳು ಮಣ್ಣಿಗೆ ಹಾಕುವಂಥದ್ದು. ಒಲೆಯ ಬೂದಿ ಹಾಕಿದರೆ ರಸಸಾರ ಇನ್ನಷ್ಟು ಏರುತ್ತದೆ. ಸುಣ್ಣವನ್ನು ಒಪ್ಪಿಕೊಂಡು, ಅದರೊಡನೆ ಬಾಳುವ ಗಿಡಗಳನ್ನು ಆರಿಸುವುದೇ ಅಗ್ಗದ ದಾರಿ, ಸರಿಯಾದ ದಾರಿಯೂ ಹೌದು.

ಮೂರನೆಯದು: ಬಿರುಕು ಹುಡುಕಿ

ಶಹಾಬಾದ್ ಕಲ್ಲು ಪದರ ಪದರವಾಗಿದೆ. ಗಣಿ ತಳದಲ್ಲಿ ನಿಂತು ನೋಡಿದರೆ ನುಣ್ಣನೆಯ ಹಾಸಿನ ನಡುವೆ ಉದ್ದಕ್ಕೆ ಸೀಳುಗಳು ಕಾಣುತ್ತವೆ. ಬೆರಳು ಹೋಗುವಷ್ಟು ಅಗಲದ ಸೀಳಿನಲ್ಲೂ ಮಳೆನೀರು ತಂದು ತುಂಬಿದ ಕಪ್ಪು ಮಣ್ಣು, ಒಣ ಹುಲ್ಲು, ಆಡಿನ ಹಿಕ್ಕೆ ಸೇರಿಕೊಂಡಿರುತ್ತವೆ. ತಾನಾಗಿ ಹುಟ್ಟಿದ ಬಾರೆಗಿಡವೋ ಬೇವೋ ಕಂಡರೆ ಬುಡ ನೋಡಿ, ಬಹುತೇಕ ಸೀಳಿನಲ್ಲೇ ಇರುತ್ತದೆ. ಸಾಲು ಹಿಡಿದು ಅಳೆದು ಗುಂಡಿ ತೋಡುವ ಹಟ ಇಲ್ಲಿ ಬೇಡ. ಅಖಂಡ ಹಾಸಿನಲ್ಲಿ ತೋಡಿದ ಗುಂಡಿಯಲ್ಲಿ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬೇರಿಗೆ ಕೆಳಗಿಳಿಯಲು ದಾರಿಯೇ ಇರುವುದಿಲ್ಲ. ಸೀಳಿದ್ದಲ್ಲಿ ಹಾರೆಯಿಂದ ಮೀಟಿ ಅಗಲ ಮಾಡಿ, ಎರೆಮಣ್ಣು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಿ ತುಂಬಿ. ಹತ್ತಿರದ ಹಳೆಯ ಮರದ ಬುಡದಿಂದ ಒಂದು ಬೊಗಸೆ ಮಣ್ಣನ್ನೂ ಹಾಕಿ. ಬೇರಿಗೆ ರಂಜಕ ಎಳೆದು ಕೊಡುವ ಶಿಲೀಂಧ್ರಗಳು ಅದರಲ್ಲಿರುತ್ತವೆ.

ಚಕ್ಕೆಗಳನ್ನು ಎಸೆಯಬೇಡಿ. ಇಳಿಜಾರಿಗೆ ಅಡ್ಡಲಾಗಿ ಮೊಣಕಾಲೆತ್ತರದ ಒಡ್ಡಿನಂತೆ ಜೋಡಿಸಿದರೆ ಕೊಚ್ಚಿಹೋಗುವ ಮಣ್ಣು ಅಲ್ಲೇ ನಿಲ್ಲುತ್ತದೆ. ಹೊಸ ಗಣಿ ತೆರೆಯುವವರು ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟರೆ ಈ ಕೆಲಸ ಅರ್ಧ ಹಗುರವಾಗುತ್ತದೆ. ಅದನ್ನು ಎತ್ತರದ ಗುಡ್ಡೆ ಹಾಕದೆ ತೆಳ್ಳಗೆ ಹರಡಿ, ಮೇಲೆ ಹುರುಳಿ ಬಿತ್ತಿಡಬೇಕು. ಎತ್ತರದ ಗುಡ್ಡೆಯ ಒಳಗೆ ಗಾಳಿಯಾಡದೆ ಮಣ್ಣಿನ ಜೀವಾಣುಗಳು ಕ್ಷೀಣಿಸುತ್ತವೆ.

ನಾಲ್ಕನೆಯದು: ಸಾರಜನಕ ತರುವ ಗಿಡ, ನೆಲಕ್ಕೆ ಬೀಳುವ ಎಲೆ

ಈ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯ. ಕೆನ್ಯಾದ ಮೊಂಬಾಸಾ ಬಳಿಯ ಬಂಬೂರಿಯಲ್ಲಿ ಹವಳದ ಸುಣ್ಣಕಲ್ಲು ತೆಗೆದ ಸಿಮೆಂಟ್ ಗಣಿಯನ್ನು ಹಸಿರು ಮಾಡುವ ಕೆಲಸವನ್ನು ಸ್ವಿಟ್ಜರ್ಲೆಂಡ್ ಮೂಲದ ಪರಿಸರತಜ್ಞ ರೆನೆ ಹಾಲರ್ 1971ರಲ್ಲಿ ಶುರು ಮಾಡಿದರು. 26 ಜಾತಿಯ ಮರ ನೆಟ್ಟು ನೋಡಿದಾಗ ಬದುಕಿದ್ದು ಮೂರೇ ಜಾತಿ. ಅವುಗಳಲ್ಲಿ ಗಾಳಿಮರ ಗೆದ್ದಿತು. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಆದರೆ ಉದುರಿದ ಸೂಜಿ ಎಲೆಗಳು ಒಗರಿನ ದೆಸೆಯಿಂದ ಕೊಳೆಯದೆ ಹಾಗೇ ಬಿದ್ದಿದ್ದವು. ಕೆಂಪು ಕಾಲಿನ ಸಹಸ್ರಪದಿಯೊಂದು ಆ ಎಲೆ ತಿನ್ನುವುದನ್ನು ಹಾಲರ್ ಗಮನಿಸಿದರು. ಅಂಥ ಹುಳುಗಳನ್ನು ನೂರಾರು ಸಂಖ್ಯೆಯಲ್ಲಿ ತಂದು ಬಿಟ್ಟರು. ಅವು ಎಲೆ ತಿಂದು ಹಾಕಿದ ಹಿಕ್ಕೆಯಿಂದ ಬಂಡೆಯ ಮೇಲೆ ಮಣ್ಣು ಕಟ್ಟಿತು, ಬೇರೆ ಮರಗಳಿಗೆ ಜಾಗವಾಯಿತು. ಇಂದು ಅದು ಹಾಲರ್ ಪಾರ್ಕ್.

ನಮ್ಮ ಒಣ ಸೀಮೆಗೆ ಗಾಳಿಮರವೇ ಆಗಬೇಕಿಲ್ಲ. ಸಾರಜನಕಕ್ಕೆ ಹೊಂಗೆ, ಬನ್ನಿ, ಕರಿಜಾಲಿ, ಗ್ಲಿರಿಸಿಡಿಯ ಇವೆ. ಜೊತೆಗೆ ಬೇವು, ಬಾರೆ, ಸೀತಾಫಲ, ಕಮರ ಹಾಕಬಹುದು. ತಂಗಡಿ ದ್ವಿದಳ ಜಾತಿಯದಾದರೂ ಬೇರುಗಂಟು ಕಟ್ಟುವುದಿಲ್ಲ. ಹಾಗಿದ್ದರೂ ಕಲ್ಲುನೆಲ ತಾಳುವ ಗಿಡವಾದ್ದರಿಂದ ಬೀಜ ಚೆಲ್ಲಿ. ಗೇಣು ಮಣ್ಣಿದ್ದಲ್ಲಿ ಮುಂಗಾರಿಗೆ ಹುರುಳಿ ಇಲ್ಲವೇ ಅಲಸಂದೆ ಬಿತ್ತಿ, ಹಸಿರಿರುವಾಗಲೇ ಮಣ್ಣಿಗೆ ಸೇರುವಂತೆ ಅಲ್ಲೇ ಮಡಚಿಬಿಡಿ. ಹಿಂಗಾರಿಗೆ ಕಡಲೆ ಹಾಕಿ. ನಸುಕಿನಲ್ಲಿ ಕಡಲೆ ಹೊಲ ಹೊಕ್ಕು ಎಲೆ ಮುಟ್ಟಿ ನಾಲಿಗೆಗೆ ತಾಗಿಸಿದವರಿಗೆ ಆ ಹುಳಿ ನೆನಪಿರುತ್ತದೆ. ಕಡಲೆಯ ಬೇರೂ ಆಮ್ಲ ಒಸರುತ್ತದೆ, ಸುಣ್ಣ ಹಿಡಿದಿಟ್ಟ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಕಲಬುರಗಿ ಸೀಮೆಯ ಎರೆಯಲ್ಲಿ ಕಡಲೆ ಒಗ್ಗಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಬಳ್ಳಾರಿ ಜಾಲಿಯನ್ನು ಒಮ್ಮೆಗೇ ಕಿತ್ತು ಬಯಲು ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಅದು ಹಬ್ಬುವ ಪೀಡೆ ನಿಜ. ಆದರೆ ಅದರ ಬುಡದಲ್ಲಿ ಎಲೆಗೊಬ್ಬರ ಕೂಡಿದ ಮಣ್ಣಿರುತ್ತದೆ. ಪಟ್ಟಿಪಟ್ಟಿಯಾಗಿ ಕಡಿದು, ಆ ಮಣ್ಣಿನಲ್ಲೇ ಹೊಂಗೆ, ಬೇವು ಎಬ್ಬಿಸುತ್ತಾ ಹೋಗಿ. ಕಡಿದ ಬೊಡ್ಡೆ ಚಿಗುರಿದಾಗಲೆಲ್ಲ ಸವರುವುದು ಮರೆಯಬಾರದು.

ಐದನೆಯದು: ಗೊಬ್ಬರ ಹಾಕುವ ಬಗೆ

ಯೂರಿಯಾವನ್ನು ಮೇಲೆ ಎರಚಿದರೆ ಸುಣ್ಣದ ಮಣ್ಣಿನಲ್ಲಿ ಅಮೋನಿಯ ಆಗಿ ಗಾಳಿಗೆ ಹೋಗುತ್ತದೆ, ಮಣ್ಣಿನೊಳಗೆ ಮುಚ್ಚಬೇಕು. ಶಿಲಾರಂಜಕ (ರಾಕ್ ಫಾಸ್ಫೇಟ್) ಈ ರಸಸಾರದಲ್ಲಿ ಕರಗದು. ಅದರ ಬದಲು ಸೂಪರ್ ಫಾಸ್ಫೇಟನ್ನು ತಿಪ್ಪೆಗೊಬ್ಬರದಲ್ಲಿ ಕಲಸಿ ಬೇರಿನ ಪಕ್ಕ ಸ್ವಲ್ಪವೇ ಇಡಿ, ಎಲ್ಲೆಡೆ ಎರಚಿದ್ದು ಸುಣ್ಣದ ಪಾಲು.

ಎಲೆ ನೋಡಿ ಕೊರತೆ ಗುರುತಿಸಬಹುದು. ಹಳೆಯ ಎಲೆಗಳು ಮೊದಲು ಬಿಳಿಚಿದರೆ ಸಾರಜನಕ ಸಾಲದು. ಹೊಸ ಚಿಗುರು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಆಗ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಮಣ್ಣಿಗೆ ಸುರಿಯುವುದು ದಂಡ, ಬೇಗನೆ ಗಟ್ಟಿಕಟ್ಟಿ ನಿರುಪಯೋಗಿಯಾಗುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ಬಿಸಿಲು ಇಳಿದ ಮೇಲೆ ಎಲೆಗೆ ಸಿಂಪಡಿಸಿ. ಗಣಿ ಹೊಂಡದ ನೀರೂ ಗಡಸು. ಅದರ ಬೈಕಾರ್ಬೊನೇಟು ಕಬ್ಬಿಣದ ಕೊರತೆಯನ್ನು ಹೆಚ್ಚಿಸುತ್ತದೆ. ಮಳೆನೀರು ಸಿಗುವಷ್ಟು ದಿನ ಅದನ್ನೇ ಬಳಸಿ.

ಆರನೆಯದು: ಕಾವಲು ಮತ್ತು ಅಳತೆ

ಮೊದಲ ಮೂರು ವರ್ಷ ಆಡು, ದನ ಒಳಗೆ ಬರಬಾರದು. ಮುಳ್ಳಿನ ಬೇಲಿ ಹಾಕಿ, ಮೇವನ್ನು ಕೊಯ್ದು ಹೊರಗೆ ಕೊಡಿ, ದನಗಾಹಿಗಳನ್ನು ಕೂರಿಸಿಕೊಂಡು ಮೊದಲೇ ಮಾತಾಡಿ. ಉದುರಿದ ಎಲೆಯನ್ನು ಗುಡಿಸಬೇಡಿ, ಸುಡಬೇಡಿ. ಮರದ ಎತ್ತರ ಅಳೆದು ಸಮಾಧಾನ ಪಡುವುದರ ಜೊತೆಗೆ, ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಮರದ ನೆರಳಿನ ಮಣ್ಣನ್ನೂ ಹತ್ತು ಹೆಜ್ಜೆ ಆಚೆಯ ಬಯಲಿನ ಮಣ್ಣನ್ನೂ ಬೇರೆಬೇರೆ ಚೀಲದಲ್ಲಿ ಪರೀಕ್ಷೆಗೆ ಕಳಿಸಿ. ನೆರಳಿನ ಮಣ್ಣಿನಲ್ಲಿ ಸಾವಯವ ಇಂಗಾಲ ಏರುತ್ತಿದ್ದು, ನೀವು ನೆಡದ ಗಿಡಗಳು ಅಲ್ಲಿ ತಾವಾಗಿ ಹುಟ್ಟತೊಡಗಿದರೆ ಹುಣಸೆಯಂಥ ದೀರ್ಘಾಯುಷಿ ಮರಗಳನ್ನು ಮುಂದಿನ ಮುಂಗಾರಿಗೆ ನೆಡಬಹುದು. ಇಂಗಾಲ ಏರದಿದ್ದರೆ ಇನ್ನೊಂದು ವರ್ಷ ಹುರುಳಿ ಬಿತ್ತಿ ಮಡಚಿ.