ಬ್ರೋಕರ್ ಇಲ್ಲದೆ ಮನೆ ಕೊಡುವಾಗ ಏನೇನು ದುಡ್ಡು ಕೇಳಬಹುದು

ಹನುಮಂತನಗರದ ನಮ್ಮ ಮೇಲಿನ ಮನೆಯನ್ನು 12 ವರ್ಷದಿಂದ ನಾನೇ ಬಾಡಿಗೆಗೆ ಕೊಡುತ್ತಿದ್ದೇನೆ. ಗೇಟಿಗೆ ‘ಟು-ಲೆಟ್’ ಬೋರ್ಡ್ ಹಾಕಿದ ದಿನವೇ ಒಂದು ಹಾಳೆಯಲ್ಲಿ ಲೆಕ್ಕ ಬರೆದಿಡಿ: ಬಾಡಿಗೆ, ಅಡ್ವಾನ್ಸ್, ನೀರು, ಪೇಂಟಿಂಗ್. ಮನೆ ನೋಡಲು ಬಂದವರ ಕೈಗೆ ಅದನ್ನೇ ಕೊಡಿ. ಬ್ರೋಕರ್ ಇಲ್ಲದ ಮೇಲೆ ಕಮಿಷನ್ ದುಡ್ಡು ಅವರಿಗೆ ಉಳಿಯಬೇಕು. ಬೇರೆ ಹೆಸರಲ್ಲಿ ನಾವು ವಸೂಲು ಮಾಡಬಾರದು.

ಅಡ್ವಾನ್ಸ್ ವಿಷಯಕ್ಕೆ ಬಂದರೆ, ಬೆಂಗಳೂರಿನ ಹಳೇ ರೂಢಿ 10 ತಿಂಗಳು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳಿಗಿಂತ ಹೆಚ್ಚು ಬೇಡ ಎನ್ನುತ್ತದೆ, ಆದರೆ ರಾಜ್ಯ ಒಪ್ಪಿದರಷ್ಟೇ ಜಾರಿ. ನಾನು 3 ತಿಂಗಳದ್ದು ಬ್ಯಾಂಕಿಗೇ ಹಾಕಿಸಿಕೊಂಡು ಮುಟ್ಟದೆ ಇಡುತ್ತೇನೆ. ಖಾಲಿ ಮಾಡುವ ದಿನವೇ ಹಿಂದಿರುಗಿಸಬೇಕಲ್ಲ.

ಜಗಳ ಹುಟ್ಟುವುದು ಪೇಂಟಿಂಗ್‌ನಲ್ಲಿ. ಖಾಲಿ ಮಾಡುವಾಗ ಅದಕ್ಕೆಂದು ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ಮದುವೆಯಾದ ಹೊಸದರಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲೀಕರು 8 ತಿಂಗಳಿಗೇ ಅಷ್ಟೂ ಹಿಡಿದು, ಗೋಡೆಗೆ ಬ್ರಷ್ ಕೂಡ ಮುಟ್ಟಿಸದೆ ಮುಂದಿನವರಿಗೆ ಕೊಟ್ಟರು. ಆ ಸಂಕಟ ಇನ್ನೂ ಮರೆತಿಲ್ಲ. ಹಾಗಾಗಿ ಬಾಡಿಗೆದಾರರು ಬರುವ ದಿನ ಅವರೂ ನಾನೂ ನಿಂತು ಪ್ರತಿ ಗೋಡೆ, ನಲ್ಲಿ, ಸಿಂಕಿನ ಕೆಳಗಿನ ತೇವ ಎಲ್ಲದರ ಫೋಟೊ ತೆಗೆಯುತ್ತೇವೆ. ಮೊಳೆ ತೂತು, ಮಾಸಿದ ಬಣ್ಣ ನನ್ನ ಖರ್ಚು. ಒಡೆದ ವಾಶ್‌ಬೇಸಿನ್ ಅವರದು, ಅದೂ ಪ್ಲಂಬರ್ ಬಿಲ್ ತೋರಿಸಿಯೇ.

11 ತಿಂಗಳ ಕರಾರಿನ ಸ್ಟಾಂಪ್ ಪೇಪರ್, ಟೈಪಿಂಗ್ ಖರ್ಚು ಅರ್ಧರ್ಧ. ಕರೆಂಟು ಮೀಟರ್ ತೋರಿಸಿದಷ್ಟೇ. ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಹರು, ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೊಡಿ. ಸೊನ್ನೆ ಬಿಲ್ ಬಂದ ಮನೆಯಿಂದ ಕರೆಂಟ್ ದುಡ್ಡು ಕೇಳಬೇಡಿ.