ಯಾರ ಕಟ್ಟೆ ಮೇಲೆ ಕೂಡ್ತಿದ್ರಿ?

ಸಮಾಜಶಾಸ್ತ್ರದ ಸರ್ವೆ ಅಂದ್ರೆ ಒಂದು ಫಾರ್ಮ್. ವಯಸ್ಸು, ಜಾತಿ, ಓದು, ಆದಾಯ. ಊರಿನ ಹೆಸರು ಮೇಲೆ ಒಮ್ಮೆ ಬರೆದರೆ ಮುಗಿಯಿತು, ಮತ್ತೆ ಅದರ ಮಾತಿಲ್ಲ. ಬಾಗಲಕೋಟೆಯಲ್ಲಿ ಇದು ಸಾಲದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು, ಹಳೇ ಊರಿನ ಸಾವಿರಾರು ಜನ ಅವರಿಗಾಗಿ ಕಟ್ಟಿದ ನವನಗರದ ಸೆಕ್ಟರ್‌ಗಳಿಗೆ ಹೋದರು.

ಅದಕ್ಕೇ ನಾನು ನಕ್ಷೆಯಿಂದ ಶುರು ಮಾಡಿದೆ. ಹೊಸ ದಾರಿಯೇನಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡುಬಾಯ್ಸ್ 1899ರಲ್ಲೇ ಫಿಲಡೆಲ್ಫಿಯಾದ ಏಳನೇ ವಾರ್ಡಿನ ಕಪ್ಪು ಜನರ ಮನೆಗಳಿಗೆ, ಬಡವರು ಯಾರು, ಉಳ್ಳವರು ಯಾರು ಅಂತ ನಕ್ಷೆಯ ಮೇಲೆ ಬಣ್ಣ ಹಚ್ಚಿದ್ದರು. ಊರು ನಡುವಿನಿಂದ ಉಂಗುರ ಉಂಗುರವಾಗಿ ಹರಡುತ್ತದೆ ಅಂತ 1925ರಲ್ಲಿ ಷಿಕಾಗೋದ ಸಮಾಜಶಾಸ್ತ್ರಜ್ಞ ಬರ್ಜೆಸ್ ಹೇಳಿದ್ದು ಮಾತ್ರ ನವನಗರಕ್ಕೆ ಕೂಡೋದಿಲ್ಲ. ಇದು ತಾನೇ ಬೆಳೆದ ಊರಲ್ಲ, ಗೆರೆ ಎಳೆದು ಕಟ್ಟಿದ ಊರು.

ನಿಮ್ಮ ಹಳೇ ಓಣಿ, ಈಗಿನ ಸೆಕ್ಟರ್ ಬರೆದು ತೋರಿಸಿ ಅಂತ ಪೆನ್ನು ಕೊಟ್ಟರೆ ವಯಸ್ಸಾದವರು ಹಿಂಜರಿಯುತ್ತಾರೆ. ಹಾಗಾಗಿ ಹುಣಸೆಬೀಜ ಕೊಟ್ಟೆ. ಒಬ್ಬ ಅಜ್ಜಿ ನೆಲದ ಮೇಲೆ ಇಡೀ ಓಣಿ ಹರಡಿದರು. "ಇದು ನಮ್ಮನಿ ನೋಡು ತಮ್ಮಾ. ಎದುರಿಗೆ ಬಡಿಗ್ಯಾರ ಮನಿ. ಅವರ ಕಟ್ಟಿ ಮ್ಯಾಲ ಸಂಜಿಕೆ ನಾವೆಲ್ಲ." ಸೆಕ್ಟರ್ ತೋರಿಸಿ ಅಂದಾಗ ನಾಲ್ಕು ಬೀಜ ಇಟ್ಟು ಕೈ ಒರೆಸಿಕೊಂಡರು. ಉಳಿದದ್ದು ಗೊತ್ತಿಲ್ವಂತೆ.

ಆಮೇಲೆ ಕೇಳಿದ್ದು ಸಣ್ಣ ಪ್ರಶ್ನೆಗಳು. ಹೆಪ್ಪಿಗೆ ಮೊಸರು ಯಾರ ಮನೆಯಿಂದ? ರಾತ್ರಿ ಜ್ವರ ಬಂದರೆ ಯಾರ ಬಾಗಿಲು ಬಡಿಯುತ್ತೀರಿ? ಪ್ರತಿ ಉತ್ತರಕ್ಕೂ ಒಂದು ದಾರ ಎಳೆದೆ. ಹಳೇ ನಕ್ಷೆಯಲ್ಲಿ ದಾರ ಗೇಣುದ್ದ. ಹೊಸದರಲ್ಲಿ ಸೆಕ್ಟರ್ ದಾಟಿ ಹೋಗಿ, ಆಟೋ ಬೇಕಾಗುವಷ್ಟು ದೂರ. ಗಂಡಸರಿಗೆ ಬೈಕು, ಚಹಾದಂಗಡಿ ಇವೆ. ಹೆಂಗಸರಿಗೇ ಜಾಸ್ತಿ ಪೆಟ್ಟು, ಅವರ ಲೋಕ ಇದ್ದದ್ದೇ ನಡೆದು ಹೋಗುವಷ್ಟು ದೂರದಲ್ಲಿ. ಹೋಳಿಯಲ್ಲಿ ಮಾತ್ರ ದಾರಗಳೆಲ್ಲ ಹಳೇ ಊರಿನ ಕಿಲ್ಲಾ, ಹೊಸಪೇಟೆ, ವೆಂಕಟಪೇಟೆ ಓಣಿಗಳ ಕಡೆಗೇ ಎಳೆಯುತ್ತವೆ. ಹಲಗಿ ಬಾರಿಸೋದು ಇವತ್ತಿಗೂ ಓಣಿಯ ಲೆಕ್ಕದಲ್ಲೇ ಅಲ್ವಾ.

ಇಷ್ಟಕ್ಕೇ ನಿಲ್ಲಿಸಿದ್ದರೆ ಸುಮ್ನೆ ಹಳೇ ಊರಿನ ಹಂಬಲ ಆಗುತ್ತಿತ್ತು. ಅದೇ ಓಣಿಯ ಆಚೆ ಕೇರಿಯಲ್ಲಿದ್ದ ಒಬ್ಬ ದಲಿತ ಹಿರಿಯರ ಕೈಗೂ ಬೀಜ ಕೊಟ್ಟೆ. ಅಜ್ಜಿ ಒತ್ತೊತ್ತಾಗಿ ಬೀಜ ಇಟ್ಟ ಜಾಗ ಅವರಲ್ಲಿ ಖಾಲಿ. ಪೇಟೆಗೆ ಹೋಗುವ ದಾರಿ ಅದನ್ನು ಸುತ್ತಿಕೊಂಡು ಹೋಗಿತ್ತು. "ಆ ಕಟ್ಟಿ ಮುಂದ ನಾವು ಹಾಯ್ತಿರ್ಲಿಲ್ರಿ." ಸೆಕ್ಟರಿನ ನಕ್ಷೆಯಲ್ಲಿ ಮಾತ್ರ ಅವರ ದಾರಿ ನೆಟ್ಟಗಿತ್ತು. ಅವರ ಬಾಗಿಲು ಮೇನ್ ರೋಡಿಗೇ ಇದೆ.

ಈಗ ವಿದ್ಯಾರ್ಥಿಗಳಿಗೆ ಒಂದೇ ಓಣಿಯ ನಕ್ಷೆಯನ್ನು ಬೇರೆ ಬೇರೆ ಕೇರಿಯವರಿಂದ, ಹೆಂಗಸರಿಂದ ಬೇರೆಯಾಗಿ ಮಾಡಿಸಿ ಅನ್ನುತ್ತೇನೆ. ಫಾರ್ಮ್ ತುಂಬಿಸೋದು ಅದಾದ ಮೇಲೆ.